ಶುಂಠಿ ಮಾಡೆಲ್ ಅಳಿಸಿದ್ದು ಯಾರು

ಜುಲೈ 14, ಸೋಮವಾರ, ಬೆಳಿಗ್ಗೆ 10.20. ಶಿಕಾರಿಪುರದ ಠಾಣೆಗೆ ಬಂದ ಗುರುಪ್ರಕಾಶ್ ಲಿಖಿತ ದೂರು ಕೊಟ್ಟರು. ಎರಡು ವರ್ಷದಲ್ಲಿ ಒಂಬತ್ತು ಜನರಿಂದ ಅರವತ್ತು ಜನರಿಗೆ ಬೆಳೆದ ಸಾಫ್ಟ್‌ವೇರ್ ಕಂಪನಿಯ ಮಾಲೀಕರು ಅವರು. ಶುಂಠಿ ಎಲೆಯ ಫೋಟೋ ಕಳಿಸಿದರೆ ರೋಗ ಯಾವುದು, ಯಾವ ಔಷಧಿ ಹೊಡೆಯಬೇಕು ಎಂದು ಮೊಬೈಲಿನಲ್ಲೇ ಹೇಳುವ ಎಐ ಮಾಡೆಲ್ ತಯಾರಾಗಿತ್ತು. ಗುರುವಾರ ಸೊರಬದಲ್ಲಿ ಅದರ ಬಿಡುಗಡೆ. ಶನಿವಾರ ಸಂಜೆ 5.42ಕ್ಕೆ ಮಾಡೆಲ್, ಅದಕ್ಕೆ ಕಲಿಸಿದ ಎರಡು ಲಕ್ಷ ಫೋಟೋ, ಬ್ಯಾಕಪ್ ಎಲ್ಲವೂ ಅಳಿಸಿಹೋಗಿದ್ದವು.

"ಯಾರ ಲಾಗಿನ್?" ಇನ್‌ಸ್ಪೆಕ್ಟರ್ ವೀರಬಸಪ್ಪ ಕೇಳಿದರು.

"ಶಹಬಾಜ್ ಅಂತ. ಡೇಟಾ ಸೈನ್ಸ್ ತಂಡದವನು. ಒಳಗೆ ಹಾಕ್ರಿ ಸಾರ್."

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ವೀರಬಸಪ್ಪ, ಹೆಡ್ ಕಾನ್‌ಸ್ಟೆಬಲ್ ಸರ್ವಮಂಗಳ ಕಂಪನಿಗೆ ಹೋಗಿ ಪಂಚನಾಮೆ ಮಾಡಿ, ಶಹಬಾಜನ ಕಂಪ್ಯೂಟರ್ ಮತ್ತು ಬಾಗಿಲಿನ ಬೆರಳಚ್ಚು ಯಂತ್ರದ ದಾಖಲೆ ವಶಕ್ಕೆ ಪಡೆದರು. ತಂಡದ ಮುಖ್ಯಸ್ಥೆ ಗಂಗಾಶ್ರೀ, ಸೊರಬದವಳು, ಪಂಚನಾಮೆ ಮುಗಿಯುವವರೆಗೂ ಕಿಟಕಿಯ ಹತ್ತಿರ ನಿಂತೇ ಇದ್ದಳು.

ಠಾಣೆಯಲ್ಲಿ ಶಹಬಾಜನ ವಿಚಾರಣೆ.

"ಶನಿವಾರ ಎಷ್ಟೊತ್ತಿಗೆ ಹೊರಟೆ?"

"ನಾಲ್ಕೂವರೆಗೆ ಸಾರ್."

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

ಹುಡುಗ ನೆಲ ನೋಡಿದ. "ಯಾರಿಗೂ ಗೊತ್ತಿಲ್ಲ."

ಸಂಜೆ ಸರ್ವಮಂಗಳ ಬೆರಳಚ್ಚಿನ ದಾಖಲೆ ತಂದಿಟ್ಟರು. ಶಹಬಾಜ್ ಹೊರಹೋದದ್ದು 4.31ಕ್ಕೆ. 5.42ಕ್ಕೆ ಆ ಕೋಣೆಯಲ್ಲಿ ಉಳಿದಿದ್ದವಳು ಒಬ್ಬಳೇ, ಗಂಗಾಶ್ರೀ. ಶಹಬಾಜನ ಕಂಪ್ಯೂಟರಿನಲ್ಲಿ, ಅವಳು ಗುರುಪ್ರಕಾಶರಿಗೆ ಬರೆದು ತಂಡಕ್ಕೂ ಕಳಿಸಿದ್ದ ಮೂರು ಮೇಲ್‌ಗಳ ಪ್ರತಿ ಸಿಕ್ಕಿತು. ಮೂರರಲ್ಲೂ ಒಂದೇ ಮಾತು: ನಾವು ಕಲಿಸಿದ್ದೆಲ್ಲ ಶಿಕಾರಿಪುರದ ಪಕ್ಕದ ಅಂಜನಾಪುರದ ಕಡೆಯ ಫೋಟೋ, ಸೊರಬದ ಹತ್ತು ಫೋಟೋದಲ್ಲಿ ನಾಲ್ಕಕ್ಕೆ ತಪ್ಪು ಹೇಳುತ್ತಿದೆ, ಬಿಡುಗಡೆ ನಿಲ್ಲಿಸಿ. ಉತ್ತರ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ 8ಕ್ಕೆ ಸೊರಬದ ಮನೆಯಲ್ಲಿ ಬಾಗಿಲು ತೆಗೆದ ಗಂಗಾಶ್ರೀ, ವೀರಬಸಪ್ಪ ಮತ್ತು ಸರ್ವಮಂಗಳರನ್ನು ನೋಡಿ ದುಪಟ್ಟಾ ಸರಿಮಾಡಿಕೊಂಡಳು.

"ನಾನೇ ಬರ್ತಿದ್ದೆ. ಅವನನ್ನ ಬಿಡ್ರಿ."

"ಅವನ ಲಾಗಿನ್ ಯಾಕೆ?" ವೀರಬಸಪ್ಪ ಕೇಳಿದರು.

"ಬ್ಯಾಕಪ್ಪೆಲ್ಲ ನೋಡ್ಕೊಳ್ತಿದ್ದೋನು ಅವನು. ಅಳಿಸೋ ಅಧಿಕಾರ ನನ್ನ ಲಾಗಿನ್‌ಗೆ ಇರ್ಲಿಲ್ಲ. ಪಕ್ಕದಲ್ಲೇ ಕೂತು ಟೈಪ್ ಮಾಡ್ತಿದ್ದ, ಪಾಸ್‌ವರ್ಡ್ ಗೊತ್ತಿತ್ತು. ಅವನ ಮೇಲೆ ಬರುತ್ತೆ ಅಂತಾನೂ ಗೊತ್ತಿತ್ತು." ಅವಳ ದನಿ ತಗ್ಗಿತು. "ಅದೇ ನಾನು ಮಾಡಿದ ದೊಡ್ಡ ತಪ್ಪು."

"ಕೆಲಸ ಬಿಡಬಹುದಿತ್ತಲ್ಲ?"

"ಎರಡು ಸಲ ರಾಜೀನಾಮೆ ಕೊಟ್ಟೆ ರೀ. ನನ್ನ ಒರಿಜಿನಲ್ ಮಾರ್ಕ್ಸ್‌ಕಾರ್ಡೆಲ್ಲ ಗುರುಪ್ರಕಾಶ್ ಸಾರ್ ಬೀರುವಿನಲ್ಲಿದೆ. ಕೇಳಿದಾಗೆಲ್ಲ ಮಾಡೆಲ್ ಮುಗಿಲಿ ಅಂದ್ರು. ಮುಗಿದ ಮೇಲೆ, ಇನ್ನೊಂದು ಬೆಳೆ ಆಗಲಿ ಅಂದ್ರು."

9.15ಕ್ಕೆ ಅವಳ ಬಂಧನವಾಯಿತು; ಠಾಣೆಯಲ್ಲಿ ಕೂರಿಸಿದ್ದ ಶಹಬಾಜನನ್ನು ಬಿಟ್ಟು ಕಳಿಸಿದರು. ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಅವಳು ಸೊರಬದ ಹತ್ತಿರದ ಕುಬಟೂರಿನ ರೈತ ಮಹಿಳೆ ಹುಚ್ಚಮ್ಮನ ಹೆಸರು ಹೇಳಿದಳು. ಮಾಡೆಲ್‌ನ ಪ್ರಯೋಗದ ವೇಳೆ ಹುಚ್ಚಮ್ಮ ಮೊಬೈಲ್ ಹೇಳಿದ ಔಷಧಿಯನ್ನೇ ಹೊಡೆದಿದ್ದಳು; ಅರ್ಧ ಎಕರೆ ಶುಂಠಿ ಸುಟ್ಟಂತೆ ಒಣಗಿತ್ತು. ಗಂಗಾಶ್ರೀ ಹೋಗಿ ನೋಡಿದ್ದಳು. ಹುಚ್ಚಮ್ಮ ಬೈಯಲಿಲ್ಲ. ಒಂದು ಎಲೆ ಕಿತ್ತು ಕೈಗಿಟ್ಟು, "ಓದಿದೋಳು ನೀನು. ಇನ್ನೊಂದ್ಸಲ ನೋಡಿ ಹೇಳು ಮಗಾ" ಅಂದಳು. ಅದಾದ ಮೂರನೇ ದಿನ ಗುರುಪ್ರಕಾಶ್, ಪ್ರಯೋಗದ ವರದಿಯಿಂದ ಕುಬಟೂರನ್ನು ತೆಗೆದು ಮುಖ್ಯಸ್ಥೆಯಾಗಿ ಸಹಿ ಹಾಕು ಎಂದಿದ್ದರು. ಸಹಿ ಹಾಕಲು ಕೊಟ್ಟ ಗಡುವು ಶನಿವಾರ ಸಂಜೆ ಆರು ಗಂಟೆ.

ಜಾಮೀನು ಸಿಗುವ ಅಪರಾಧ. ಆದರೆ ಜಾಮೀನಿಗೆ ನಿಲ್ಲಲು ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ನಾಲ್ಕು ಗಂಟೆಗೆ ಶಹಬಾಜ್ ಬಂದು, ಅವಳ ಜಾಮೀನಿಗೆಂದು ತನ್ನ ಮನೆಯ ಹಕ್ಕುಪತ್ರ ಮೇಜಿನ ಮೇಲಿಟ್ಟ.

ಗಂಗಾಶ್ರೀ ಅವನ ಮುಖ ನೋಡಲಾರದೆ ಕೂತಿದ್ದಳು.

"ನನಗೆ ಹೇಳಿದ್ರೆ ನಾನೇ ಅಳಿಸ್ತಿದ್ದೆ ಮೇಡಂ," ಎಂದ.

ವೀರಬಸಪ್ಪ ಅದು ಕೇಳಿಸದವರಂತೆ ಪತ್ರದ ಮೇಲಿನ ಹೆಸರು ಬರೆದುಕೊಂಡರು.