ಹೆಸರಿಲ್ಲದ ಹದಿನಾಲ್ಕು ಚೀಟಿ

ಸೀರೆಯ ಪಕ್ಕದ ಚೀಟಿಯನ್ನು ಶಾರವ್ವ ಮೂರು ಸಲ ಓದಿದಳು. ‘ಹುಚ್ಚು ಬಿಟ್ಟ ಹೆಣ್ಣುಮಗಳ ಕಸೂತಿ.’ ಅಷ್ಟೇ. ಹೆಸರಿಲ್ಲ, ಊರಿಲ್ಲ.

ಅವಳ ಮೈ ಉರಿದುಹೋಯಿತು. ಎಂಟು ತಿಂಗಳು ಎಳೆ ಎಳೆ ಎಣಿಸಿ ಇಳಕಲ್ಲ ಸೀರೆಯ ಮೇಲೆ ಗೋಪುರ, ಆನೆ, ತುಳಸಿಕಟ್ಟೆ ಹಾಕಿದವಳು ಅವಳು. ಅಷ್ಟನ್ನೂ ಹುಚ್ಚಿನ ಗುರುತು ಮಾಡಿ ಗೋಡೆಗೆ ತೂಗುಹಾಕಿದ್ದರು.

ಅಕ್ಷರಗಳನ್ನು ಕಂಡು ಇನ್ನಷ್ಟು ಉರಿಯಿತು. ಅಷ್ಟು ದುಂಡಾಗಿ, ಅಷ್ಟು ಮುದ್ದಾಗಿ ಬರೆಯುವವನು ಬಾಗಲಕೋಟೆಯಲ್ಲಿ ಒಬ್ಬನೇ, ಅಂಗಡಿಗಳ ಬೋರ್ಡು ಬರೆಯುವ ಅಮಸಿದ್ದಪ್ಪ. ಪ್ರದರ್ಶನಕ್ಕೆ ಸೀರೆ ಕೇಳಲು ಅವನು ಮೂರು ಸಲ ಇಳಕಲ್ಲಿಗೆ ಬಂದಿದ್ದ. ಅವಳ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಚೀಟಿಯಲ್ಲಿ ಶಾರವ್ವ ಎಂದು ಬರೆಯಲೋ ಶಾರದವ್ವ ಎಂದು ಬರೆಯಲೋ ಎಂದು ಕೇಳಿದ್ದ. ಕೇಳುವಾಗ ಅವನ ಕಣ್ಣು ಸೀರೆಯ ಮೇಲಿತ್ತೋ ಸೂಜಿ ಹಿಡಿದ ಬೆರಳಿನ ಮೇಲಿತ್ತೋ, ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಎದ್ದುಹೋದ ಮೇಲೆ ಆ ಕಟ್ಟೆಯನ್ನು ಸುಮ್ಮಸುಮ್ಮನೆ ಎರಡು ಸಲ ಗುಡಿಸಿದ್ದಳು.

ಅದು ಸಾವಿರದ ಒಂಬೈನೂರ ಐವತ್ತೈದು. ಹುಚ್ಚರ ದವಾಖಾನೆಯಿಂದ ಹೊರಬಂದವರು, ಕುಡಿತ ಬಿಟ್ಟವರು, ಒಟ್ಟು ಹದಿನಾಲ್ಕು ಮಂದಿ ಮಾಡಿದ ಚಿತ್ರ, ಗೊಂಬೆ, ಕಸೂತಿಗಳನ್ನು ಶಾಲೆಯ ಹಾಲಿನಲ್ಲಿ ತೋರಿಸಬೇಕೆಂದು ಬಾಗಲಕೋಟೆಯ ದೊಡ್ಡವರು ಕಮಿಟಿ ಮಾಡಿದ್ದರು. ಕೂಸು ಸತ್ತಮೇಲೆ ಮಾತು ಬಿಟ್ಟ ಶಾರವ್ವ ಎರಡು ವರ್ಷ ಆ ದವಾಖಾನೆಯಲ್ಲಿದ್ದಳು. ಅವಳು ಅಲ್ಲಿರುವಾಗಲೇ ಗಂಡ ಸೋಡಚೀಟಿ ಕಳಿಸಿ, ಸಂಬಂಧ ಹರಿದುಕೊಂಡು, ಬೇರೆ ಮದುವೆಯಾಗಿದ್ದ. ಅಮಸಿದ್ದಪ್ಪ ಪಾನನಿರೋಧದ ಕಾಯಿದೆಯಲ್ಲಿ ಸಿಕ್ಕು ಮೂರು ತಿಂಗಳು ಜೈಲು ಕಂಡವನು. ಅಲ್ಲಿಂದ ಬಂದಮೇಲೆ ಕುಡಿತ ಮುಟ್ಟಿರಲಿಲ್ಲ.

ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದವನ ಮುಂದೆ ಹೋಗಿ ನಿಂತಳು.

“ಅಮಸಿದ್ದಪ್ಪ, ಇಳೀರಿ ಕೆಳಗ.”

ಅವನು ಇಳಿದ.

“ಇದನ್ನ ನೀವ ಬರದೀರಿ?”

“ನಾನ ಬರದೇನಿ.”

“ನನ್ನ ಹೆಸರ ಕೇಳ್ಕೊಂಡ ಬಂದಿದ್ರೆಲ್ಲ ಅಮಸಿದ್ದಪ್ಪ, ಎಲ್ಲಿ ಕಳಕೊಂಡ್ರಿ?”

ಕಾರ್ಯದರ್ಶಿಗಳು ಹೇಳಿದ್ದನ್ನು ಬರೆದೆ ಎಂದ. ತಾನು ಬರೆದ ಬಾದಾಮಿಯ ಹೊಂಡದ ಚಿತ್ರದ ಕಡೆ ಕೈ ಮಾಡಿದ. ಅದರ ಕೆಳಗೂ ಅದೇ ದುಂಡು ಅಕ್ಷರದಲ್ಲಿ ‘ಮಾಜಿ ಕುಡುಕನ ಚಿತ್ರ’ ಎಂದಿತ್ತು. ತೋರಿಸುವಾಗ ಅವನು ತಲೆ ಎತ್ತಲಿಲ್ಲ.

“ನಿಮ್ಮನ್ನ ನೀವು ಬೈಕೊಳ್ರಿ, ಬ್ಯಾಡ ಅನ್ನಂಗಿಲ್ಲ. ನನ್ನ ಬೈಯಾಕ ಇಷ್ಟ ಚಂದನ ಅಕ್ಷರ ಯಾಕ ಬೇಕಾಗಿತ್ತು?”

ಅವನ ತುಟಿಯ ತುದಿಗೆ ಒಂದು ನಗು ಬಂದು, ಬರಬಾರದಿತ್ತೆಂದು ತಿಳಿದು ಅಲ್ಲೇ ನಿಂತಿತು. ಅದನ್ನು ತಾನು ನೋಡುತ್ತ ನಿಂತಿದ್ದಕ್ಕೆ ಶಾರವ್ವನಿಗೆ ತನ್ನ ಮೇಲೂ ಸಿಟ್ಟು ಬಂತು.

ಕಾರ್ಯದರ್ಶಿ ಪಂಢರೀನಾಥರಾಯರು ಒಳ್ಳೆಯವರು. ತಾವು ಒಳ್ಳೆಯವರೆಂಬುದನ್ನು ಒಂದು ಗಳಿಗೆಯೂ ಮರೆಯದವರು. ಹೆಸರು ಹಾಕದಿರುವುದು ಅವಳ ಮನೆತನದ ಮರ್ಯಾದೆಗಾಗಿಯೇ ಎಂದು ಅವರು ಸಮಾಧಾನದಿಂದ ತಿಳಿಹೇಳಿದರು. ಕಸೂತಿ ಹಾಕುವವರು ಮನೆಗೊಬ್ಬರಿದ್ದಾರೆ, ಹುಚ್ಚಿ ಹಾಕಿದ್ದೆಂದರೆ ತಾನೇ ಜನ ಬರುವುದು ಎಂದರು. ಹಾಗಾದರೆ ಸೀರೆ ಇಳಿಸಿಕೊಂಡು ಹೋಗುತ್ತೇನೆ ಎಂದಳು. ಆಯಾಸವಾಗಿದೆ, ಸ್ವಲ್ಪ ಕೂಡು ತಂಗಿ ಎಂದರು. ದವಾಖಾನೆಯಿಂದ ಬಂದಾಗಿನಿಂದ ಅವಳಿಗೆ ಸಿಟ್ಟು ಬಂದಾಗಲೆಲ್ಲ ಯಾರಾದರೊಬ್ಬರು ಕೂಡು ಎನ್ನುತ್ತಿದ್ದರು. ಅವಳು ಕೂಡಲಿಲ್ಲ, ಸೀರೆಯ ಪಕ್ಕದಲ್ಲೇ ನಿಂತಳು.

ಮಧ್ಯಾಹ್ನ ಜನ ಬಂದರು. ಇಬ್ಬರು ಹೆಂಗಸರು ಚೀಟಿ ಓದಿಸಿಕೊಂಡು ಸೀರೆಯ ಸೆರಗನ್ನು ತಿರುವಿ ಹಾಕಿದರು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕಬಾರದು. ಆ ಮಾತು ಅವರಿಗೂ ಗೊತ್ತಿತ್ತು, ಅದಕ್ಕೇ ಹುಡುಕುತ್ತಿದ್ದರು.

“ಹುಚ್ಚಿ ಹಾಕಿದ್ದೈತೆಲ್ಲ, ಎಲ್ಲ್ಯರ ಒಂದ ಗಂಟ ಇದ್ದ ಇರ್ತೈತಿ,” ಎಂದಳು ಒಬ್ಬಳು.

ಮೊಳ ಮೊಳ ಬಿಡಿಸಿ ನೋಡಿದರು. ಸಿಗಲಿಲ್ಲ. ಸಿಗಲಿಲ್ಲವೆಂದು ಅವರ ಮುಖ ಸಣ್ಣದಾದದ್ದನ್ನು ಶಾರವ್ವ ಕಂಡಳು. ಹಾಲಿನ ಆ ತುದಿಯಿಂದ ಅಮಸಿದ್ದಪ್ಪನೂ ಅದನ್ನು ಕಂಡಿದ್ದ.

ಅವನು ಬಂದವನೇ ಚೀಟಿ ಕಿತ್ತ, ತಿರುವಿ ಹಾಕಿದ, ಅದರ ಬೆನ್ನಿಗೆ ಎಲ್ಲರೂ ನೋಡುತ್ತಿದ್ದಂತೆ ಬರೆದ: ‘ಶಾರವ್ವ, ಇಳಕಲ್ಲ.’ ರಾಯರು ಓಡಿಬಂದು, ಇನ್ನು ಮುಂದೆ ಈ ಊರಲ್ಲಿ ನಿನಗೆ ಯಾರು ಕೆಲಸ ಕೊಡುತ್ತಾರೋ ನೋಡುತ್ತೇನೆ ಎಂದರು.

“ರಾಯರ, ಕುಡದಾಗ ಸೈತ ನಾ ಇಷ್ಟ ಹೊಲಸ ಕೆಲಸ ಮಾಡಿರಲಿಲ್ಲ,” ಎಂದ ಅಮಸಿದ್ದಪ್ಪ.

ಮಣ್ಣಿನ ಗೊಂಬೆ ಮಾಡಿದ್ದ ಲಾಡಬಿಯ ಮುಂದೆ ಹೋಗಿ ಹೆಸರು ಕೇಳಿದ, ಬರೆದ. ಹೀಗೆ ಒಬ್ಬೊಬ್ಬರನ್ನೂ ಕೇಳುತ್ತ ಹದಿಮೂರು ಚೀಟಿ ಮುಗಿಸಿದ. ಕೊನೆಯದು ಅವನದೇ. ಅದರ ಮುಂದೆ ಮಾತ್ರ ಕುಂಚ ಹಿಡಿದು ಸುಮ್ಮನೆ ನಿಂತುಬಿಟ್ಟ.

“ಈ ಹೊಂಡದ ಚಿತ್ರ ಯಾರು ಬರದದ್ದವ್ವ?” ಎಂದು ಗಂಟು ಹುಡುಕಿದವಳೇ, ಅವನ ಹಿಂದೆಯೇ ಬಂದು ನಿಂತಿದ್ದ ಶಾರವ್ವನನ್ನು ಕೇಳಿದಳು. ದನಿ ಈಗ ಮೆತ್ತಗಾಗಿತ್ತು.

ಶಾರವ್ವ ಬಾಯಿ ತೆರೆದಳು. ಮುಂಜಾನೆಯಿಂದ ಚಾಟಿಯಂತೆ ಬೀಸಿದ್ದ ಹೆಸರು ಈಗ ನಾಲಿಗೆ ದಾಟಲಿಲ್ಲ. ಮತ್ತೊಮ್ಮೆ ಹೇಳಲು ನೋಡಿದಳು, ಬರಲಿಲ್ಲ. ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಾಗ ತನಗೇನಾಗಿದೆಯೆಂದು ಅವಳಿಗೇ ತಿಳಿಯಿತು.

“ಇವರು,” ಎಂದಳು.

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವನಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ತಿಳಿದಮೇಲೆ ಕಿವಿ ಕೆಂಪಾದವು.

“ಶಾರವ್ವ, ನನ್ನ ಹೆಸರ ಹೇಳ್ರಿ.”

“ಇನ್ನ ಮ್ಯಾಲೆ ಹೇಳಂಗಿಲ್ಲ. ಒಲ್ಲೆ ಅನ್ನೂದಿದ್ರ ಈಗ ಅನ್ರಿ.”

“ನಾ ಕುಡುಕ ಇದ್ದಾಂವ.”

“ಗೊತ್ತೈತಿ. ಚಂದಗೆ ಬರದೀರೆಲ್ಲ, ಓದೇನಿ.”

ಅವನು ಒಲ್ಲೆ ಎನ್ನಲಿಲ್ಲ. ಕುಂಚವನ್ನು ಅವಳ ಮುಂದೆ ಹಿಡಿದ. ಅವಳು ಇಸಕೊಂಡಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಸರಿ. ಬರೆಯಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೊನೆಯ ಚೀಟಿಯನ್ನು ಕಿತ್ತು ತಿರುವಿ ಹಾಕಿ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಸೊಟ್ಟ ಅಕ್ಷರದಲ್ಲಿ, ಒಂದು ಒತ್ತೂ ಬಿಡದೆ ಬರೆದಳು: ಅಮಸಿದ್ದಪ್ಪ, ಬಾಗಲಕೋಟೆ.