ಲಾಡಿಯ ಇನ್ನೊಂದು ತುದಿ

"ಓಡೋದು ಅಂದ್ರೆ ಹೆಂಗಿರತ್ತೋ?"

ಯಾರನ್ನೂ ಕೇಳಿದ ಪ್ರಶ್ನೆಯಲ್ಲ ಅದು. ತೊಂಬತ್ತೆಂಟನೇ ಇಸವಿಯ ಒಂದು ಬೆಳಗ್ಗೆ, ಹಲಸೂರು ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು, ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡು, ನೀರಿನ ಕಡೆ ಮುಖ ಮಾಡಿ ಅಂದಿದ್ದೆ.

ಒಂದು ವಾರದಿಂದ ಯಾರದೋ ಓಟ ನನ್ನ ಬೆಂಚನ್ನು ದಾಟಿ ಹೋಗುತ್ತಿತ್ತು. ಮೂರು ಹೆಜ್ಜೆಗೆ ಉಸಿರು ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ. ಮತ್ತೆ ಮೂರು, ಮತ್ತೆ ನಾಲ್ಕು. ನಮ್ಮಪ್ಪ ಸಂಜೆ ಹೊತ್ತು ಸೋಮೇಶ್ವರನ ಗುಡಿಯ ಜಗಲಿಯಲ್ಲಿ ಷಟ್ಪದಿ ಓದುತ್ತಿದ್ದರು. ಎರಡು ವರ್ಷಕ್ಕೇ ಜ್ವರದಲ್ಲಿ ಕಣ್ಣು ಕಳೆದುಕೊಂಡ ನಾನು ಅವರ ತೊಡೆಗೆ ಒರಗಿ ಕೇಳುತ್ತ ಬೆಳೆದವನು. ಮೂರು, ನಾಲ್ಕು, ಮೂರು, ನಾಲ್ಕು: ಭಾಮಿನಿಯ ನಡೆ ನನಗೆ ಅನ್ನ ನೀರಿನಷ್ಟು ಪರಿಚಿತ. ಆ ನಡೆಯಲ್ಲಿ ಮನುಷ್ಯರು ಓಡುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಹೆಜ್ಜೆ ನಿಂತಿತು.

"ಏನಂದ್ರಿ?"

"ನಿಮಗಲ್ಲ ಮೇಡಂ. ಸುಮ್ನೆ ಅಂದ್ಕೊಂಡೆ."

ಸ್ವಲ್ಪ ಹೊತ್ತು ಏದುಸಿರು ಮಾತ್ರ. ಆಮೇಲೆ ನಗು. "ಅಯ್ಯೋ, ನೀವು ನಮ್ ಆಫೀಸ್ ಬೋರ್ಡ್ ಅಲ್ವಾ? 'ನಮಸ್ಕಾರ, ಯಾರು ಬೇಕಿತ್ತು' ಅಂತೀರಲ್ಲ, ಅದೇ ದನಿ!"

ನಾನೂ ಗುರುತು ಹಿಡಿದೆ. "ಎಕ್ಸ್‌ಟೆನ್ಷನ್ ಇನ್ನೂರ ಹದಿನಾಲ್ಕು. ಜಲಜಾ ಮೇಡಂ."

ಇಂದಿರಾನಗರದ ವಿಮಾ ಕಚೇರಿಯಲ್ಲಿ ನಾನು ಟೆಲಿಫೋನ್ ಆಪರೇಟರ್. ಅವಳು ಎರಡನೇ ಮಹಡಿಯಲ್ಲಿ ಗುಮಾಸ್ತೆ. ಹುಡುಗಿಯಾಗಿದ್ದಾಗ ರಾಜ್ಯಕ್ಕಾಗಿ ಓಡಿ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಹಿಡಿದವಳು. ಹನ್ನೊಂದು ವರ್ಷ ಒಂದೇ ಕಟ್ಟಡದಲ್ಲಿದ್ದೆವು, ಬರೀ ದನಿಯಾಗಿ. ಇಬ್ಬರಿಗೂ ನಲವತ್ತಾರು. ಇಬ್ಬರಿಗೂ ಮದುವೆಯಾಗಿರಲಿಲ್ಲ.

"ಬೋರ್ಡಿಗೆ ಹೆಸರು?"

"ಚಲುವಯ್ಯ."

"ಪರ್ವಾಗಿಲ್ವೇ. ಇಟ್ಟವರು ಮುಖ ನೋಡೇ ಇಟ್ಟಿದಾರೆ." ನನ್ನ ಕಿವಿ ಬಿಸಿಯಾಯಿತು. ಅದನ್ನು ಅವಳು ನೋಡಿರಬೇಕು, ಮತ್ತೆ ನಕ್ಕಳು. "ಹೆಂಗಿರತ್ತೆ ಅಂತ ಬಾಯಲ್ಲಿ ಹೇಳೋಕಾಗಲ್ಲ ಚಲುವಯ್ಯನೋರೇ. ನಾಳೆ ಶೂಸ್ ಹಾಕ್ಕೊಂಡು ಬನ್ನಿ."

ಮಾರನೇ ದಿನ ನನ್ನ ಬೆರಳಿಗೆ ಮೆತ್ತನೆಯ ಹತ್ತಿಯ ಪಟ್ಟಿಯೊಂದು ಸಿಕ್ಕಿತು.

"ಏನಿದು?"

"ಲಾಡಿ."

"ಮೇಡಂ!"

"ಹೊಸದು ರೀ! ಇನ್ನೂ ಲಂಗದ ಮುಖ ನೋಡಿಲ್ಲ. ನಿನ್ನೆ ಸಂಜೆ ಹಲಸೂರು ಬಜಾರಲ್ಲಿ ತಗೊಂಡಿದ್ದು. ಒಂದು ತುದಿ ನಿಮಗೆ, ಇನ್ನೊಂದು ನನಗೆ. ಗಂಟು ಹಾಕ್ಕೋಬೇಡಿ, ಸುಮ್ನೆ ಬೆರಳಲ್ಲಿ ಹಿಡ್ಕೊಳ್ಳಿ. ಎಡವಿದ್ರೆ ಬಿಟ್ಬಿಡಬೇಕು. ನೀವೊಬ್ರೇ ಬೀಳಿ, ನನ್ನ ಎಳೀಬೇಡಿ."

"ಭಾರಿ ದಯಾವಂತರು ನೀವು."

"ಹ್ಞೂಂ ಮತ್ತೆ. ಬನ್ನಿ."

ಅಂದು ಓಡಿದೆ. ಗಾಳಿ ಎಂದರೆ ತಾನಾಗಿ ಬೀಸುವುದು ಎಂದೇ ನಲವತ್ತಾರು ವರ್ಷ ನಂಬಿದ್ದೆ. ಓಡಿದರೆ ನಮ್ಮ ಗಾಳಿಯನ್ನು ನಾವೇ ಮಾಡಿಕೊಳ್ಳಬಹುದು ಎಂದು ಆ ಬೆಳಗ್ಗೆ ತಿಳಿಯಿತು.

ಐದು ವರ್ಷ ಹಾಗೆ ಓಡಿದೆವು. ರಾಮಮೂರ್ತಿ ನಗರದಲ್ಲಿ ತಮ್ಮನ ಮನೆಯಲ್ಲಿದ್ದ ಅವಳು ಮೊದಲ ಬಸ್ಸಿಗೆ ಬರುತ್ತಿದ್ದಳು. ಕೆರೆಯ ಬಾಗಿಲಲ್ಲಿ ಚಹಾ ಮಾರುವ ಮಂಜೂರ್ ಭಾಯ್ ದಿನಾ ಒಂದೇ ಮಾತು ಹೇಳುತ್ತಿದ್ದ: "ಏನ್ ಸಾಬ್, ಇಂಜಿನ್ ಬಂತು, ಡಬ್ಬಿ ರೆಡಿನಾ?" ಇಂಜಿನ್ನು ನಗುತ್ತಿತ್ತು. ಡಬ್ಬಿ ಆ ನಗುವಿಗಾಗಿ ಎದ್ದು ಬಂದಿರುತ್ತಿತ್ತು.

ಅವಳು ನನ್ನನ್ನು ನೋಡುವಾಗ ನನಗೆ ಗೊತ್ತಾಗುತ್ತಿತ್ತು.

"ಈಗ ನನ್ನ ನೋಡ್ತಿದೀರ."

"ಇಲ್ಲಪ್ಪ. ಕೆರೆ ನೋಡ್ತಿದೀನಿ."

"ಕೆರೆ ನೋಡಿ ಮಾತಾಡಿದ್ರೆ ದನಿ ನೀರಿನ ಮೇಲೆ ಹೋಗತ್ತೆ. ಇದು ಸೀದಾ ನನ್ನ ಕೆನ್ನೆಗೆ ಬಂತು."

ಮೂರು ಹೆಜ್ಜೆ. ನಾಲ್ಕು ಹೆಜ್ಜೆ.

"ಕೆನ್ನೇಲಿ ಸೋಪು ಉಳಿದಿದೆ," ಎಂದಳು. ಮುಟ್ಟಿ ನೋಡಿಕೊಂಡೆ. ಏನೂ ಇರಲಿಲ್ಲ.

ಹೇಳಬೇಕಾದ ಮಾತನ್ನು ಇಬ್ಬರೂ ಹೇಳಲಿಲ್ಲ. ಲಾಡಿ ಇತ್ತಲ್ಲ, ಅದು ಸಾಕೆನಿಸುತ್ತಿತ್ತು. ಅವಳ ಕೈ ಸ್ವಲ್ಪ ಆಚೆ ಸರಿದರೆ ತಿರುವು, ಹತ್ತಿರ ಬಂದರೆ ಯಾರೋ ಎದುರಿಗೆ. ಯಾವ ಕಾರಣವೂ ಇಲ್ಲದೆ ಹತ್ತಿರ ಬಂದ ದಿನಗಳೂ ಇದ್ದವು. ಅಂಥ ದಿನ ನಾನು ಬೋರ್ಡಿನಲ್ಲಿ ತಪ್ಪು ಲೈನ್ ಕೊಟ್ಟು ಮ್ಯಾನೇಜರಿಂದ ಬೈಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಮೂರನೇ ಇಸವಿಯ ಫೆಬ್ರವರಿಯಲ್ಲಿ ನನ್ನ ಕಾಲು ಒಂದು ಬೇರಿಗೆ ಸಿಕ್ಕಿತು.

ಬಿಡಬೇಕಿತ್ತು. ಅಷ್ಟೇ ಹೇಳಿಕೊಟ್ಟಿದ್ದಳು, ಬೆರಳು ಬಿಚ್ಚಿ ಬಿಡು ಎಂದು. ನಾನು ಬಿಡಲಿಲ್ಲ. ಮುಷ್ಟಿ ಕಟ್ಟಿ ಹಿಡಿದೆ. ನಾನು ಬಿದ್ದ ಮೇಲೆ ಅವಳು ಬಿದ್ದಳು. ಅವಳು ಚೀರುವುದಕ್ಕೆ ಮುಂಚೆ, ಒಣಕಡ್ಡಿ ಮುರಿದಂಥ ಸಣ್ಣ ಸದ್ದು ನನಗೆ ಕೇಳಿಸಿತ್ತು.

ಬಲ ಮಣಿಕಟ್ಟು ಮುರಿದಿತ್ತು. ಇಷ್ಟು ಚಿಕ್ಕ ಪೆಟ್ಟಿಗೆ ಹೇಗೆ ಮುರಿಯಿತು ಎಂದು ಫ್ರೇಜರ್ ಟೌನಿನ ಡಾಕ್ಟರ್ ಮಾರಿಯಾ ಸ್ಕ್ಯಾನ್ ಮಾಡಿಸಿದರಂತೆ. ಆಸ್ಟಿಯೋಪೊರೋಸಿಸ್. ಮೂಳೆ ಒಳಗೊಳಗೇ ಸವೆದು ಟೊಳ್ಳಾಗುವ ಕಾಯಿಲೆ. ಎಲ್ಲರಿಗಿಂತ ಗಟ್ಟಿ ಕಾಲು ಅವಳದು ಎಂದು ನಾವೆಲ್ಲ ತಿಳಿದಿದ್ದೆವು.

ಮೂರು ತಿಂಗಳ ಮೇಲೆ ಬಂದಳು.

"ಓಡಬೌದಂತೆ! ಓಡಲೇಬೇಕಂತೆ. ಕಾಲಿಗೆ ಭಾರ ಬಿದ್ರೇನೇ ಮೂಳೆ ಗಟ್ಟಿ ಉಳಿಯೋದು ಅಂದ್ರು ಡಾಕ್ಟ್ರು. ವಾರಕ್ಕೊಂದು ಮಾತ್ರೆ, ಅದನ್ನ ನುಂಗಿ ಅರ್ಧ ಗಂಟೆ ಮಲಗೋ ಹಾಗಿಲ್ಲ. ನನಗೆ ಮಲಗು ಅಂದ್ರೆ ತಾನೇ ಕಷ್ಟ? ಎಲ್ಲಿ ಲಾಡಿ?"

"ಮತ್ತೇನಂದ್ರು?"

"ಅಷ್ಟೇ," ಎಂದಳು. ಆ ಮಾತು ನೀರಿನ ಮೇಲೆ ಹೋಯಿತು.

ಓಡಿದೆವು. ಆದರೆ ನಡೆ ತಪ್ಪಿತ್ತು. ಮೂರಕ್ಕೆ ಉಸಿರು ತೆಗೆದುಕೊಂಡು ಎರಡಕ್ಕೇ ಬಿಡುತ್ತಿದ್ದಳು. ಮತ್ತೆ ಐದು ಹೆಜ್ಜೆ ಉಸಿರೇ ಇಲ್ಲ. ಒಂದೊಂದು ಕಲ್ಲಿಗೂ ಲಾಡಿ ಬಿಗಿಯುತ್ತಿತ್ತು. ಓದುತ್ತ ಓದುತ್ತ ಅಪ್ಪನಿಗೆ ಪದ್ಯ ಮರೆತಾಗ ಹೀಗೆ ಆಗುತ್ತಿತ್ತು. ಅವಳ ಕಣ್ಣು ತನ್ನ ದಾರಿಯ ಮೇಲಿಲ್ಲ, ನನ್ನ ಪಾದದ ಮೇಲಿದೆ ಎಂದು ಗೊತ್ತಾಯಿತು. ಕಾರಣ ಮಾತ್ರ ತಪ್ಪು ತಿಳಿದೆ. ತನ್ನ ಕೈ ಮುರಿಸಿದವನ ಮೇಲೆ ಮನಸ್ಸು ಮುರಿದಿದೆ, ಮರ್ಯಾದೆಗೆ ಬರುತ್ತಿದ್ದಾಳೆ ಎಂದುಕೊಂಡೆ.

ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಇನ್ನೊಬ್ಬರ ಮಾತು ಕದ್ದು ಕೇಳಿದವನಲ್ಲ. ಲೈನ್ ಕೊಟ್ಟ ಕೂಡಲೇ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಅದು ನನಗೆ ಪೂಜೆಯಷ್ಟೇ ಮಡಿ. ಜೂನ್ ತಿಂಗಳ ಒಂದು ಮಧ್ಯಾಹ್ನ ಡಾಕ್ಟರ್ ಮಾರಿಯಾ ಇನ್ನೂರ ಹದಿನಾಲ್ಕು ಕೇಳಿದರು. ಕೊಟ್ಟೆ. ಕೈ ಕಿವಿಯ ತನಕ ಹೋಯಿತು, ಹೆಡ್‌ಫೋನ್ ತೆಗೆಯಲಿಲ್ಲ.

"ಜಲಜಾ, ಸ್ಟಿಲ್ ನೀವು ಅವರ ಜೊತೆನೇ ಓಡ್ತಿದೀರಾ? ಐ ಟೋಲ್ಡ್ ಯೂ. ಓಡಿ, ಬೇಡ ಅನ್ನಲ್ಲ, ಬಿಟ್ರೆ ಇನ್ನೂ ಬೇಗ ವೀಕ್ ಆಗತ್ತೆ. ಬಟ್ ಬೀಳಬಾರದು. ನೆಕ್ಸ್ಟ್ ಟೈಮ್ ಸೊಂಟ ಹೋದ್ರೆ ಮತ್ತೆ ಓಡೋ ಮಾತೇ ಇರಲ್ಲ."

"ಗೊತ್ತು ಡಾಕ್ಟರ್."

"ಹಾಗಾದ್ರೆ ಒಬ್ರೇ ಓಡಿ."

"ಅದೊಂದು ಹೇಳ್ಬೇಡಿ ಡಾಕ್ಟರ್," ಎಂದಳು ಜಲಜಾ. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಆ ಮನುಷ್ಯನ ಜೊತೆ ಓಡೋ ಮುಕ್ಕಾಲು ಗಂಟೆಗೋಸ್ಕರ ನಾನು ಉಳಿದ ದಿನ ಪೂರ್ತಿ ಬದುಕ್ತೀನಿ. ಅದನ್ನ ಬಿಟ್ಟು ಮೂಳೆ ಉಳಿಸ್ಕೊಂಡು ಏನ್ ಮಾಡ್ಲಿ?"

ಐದು ವರ್ಷ ಕಾದ ಮಾತು. ಬಂದದ್ದು ಹೀಗೆ, ಕದ್ದ ದಾರಿಯಲ್ಲಿ, ಡಾಕ್ಟರ ಎಚ್ಚರಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು.

ಅಂದು ಸಂಜೆ ಮನೆಗೆ ಹೋಗಿ ಲಾಡಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ. ತುದಿ ಹಿಡಿದು ಬೇಕೆಂದೇ ಎಡವಿದೆ, ಬಿಟ್ಟೆ. ಮತ್ತೆ ಎಡವಿದೆ, ಬಿಟ್ಟೆ. ಹತ್ತು ಸಲವೂ ಬೆರಳು ಬಿಚ್ಚಿದವು. ಸೋಮೇಶ್ವರಾ, ಹೀಗೇ ಬಿಚ್ಚಿಸಪ್ಪ ಎಂದು ಕೈಮುಗಿದೆ. ಕೈಮುಗಿಯುವಾಗಲೇ ತಿಳಿಯಿತು. ಅದು ಕಿಟಕಿಯ ಸರಳು. ಅವಳಲ್ಲ.

ಲಾಡಿಯನ್ನು ಅಲ್ಲೇ ಬಿಟ್ಟು ಬೆಳಗ್ಗೆ ಕೆರೆಗೆ ಹೋದೆ.

"ಮರೆತ್ರಾ?" ಎಂದಳು.

"ಇಲ್ಲ. ನಿನ್ನೆ ಫೋನ್ ಬಂತಲ್ಲ. ಕೇಳಿಸ್ಕೊಂಡೆ. ತಪ್ಪು, ಕ್ಷಮಿಸಿ."

ಅವಳ ಉಸಿರು ನಿಂತಿತು. "ಎಲ್ಲಾನೂ?"

"ಎಲ್ಲಾನೂ."

"ಕಳ್ಳ," ಎಂದಳು. ದನಿ ಅರ್ಧ ನಗು, ಅರ್ಧ ಅಳು. ಸೀದಾ ನನ್ನ ಕೆನ್ನೆಗೆ ಬಂತು. "ಕೇಳಿದ್ಮೇಲೆ ಉತ್ತರ ಕೊಡಬೇಕಲ್ವಾ?"

"ನನಗೂ ಅಷ್ಟೇ ಜಲಜಾ. ಆ ಮುಕ್ಕಾಲು ಗಂಟೆನೇ." ಮೊದಲ ಸಲ ಮೇಡಂ ಇಲ್ಲದೆ ಕರೆದಿದ್ದೆ. "ಅದಕ್ಕೇ ಇನ್ಮೇಲೆ ನೀವು ಒಬ್ಬರೇ ಓಡಿ."

"ಕಣ್ಣಿದ್ದವರೂ ಬೀಳ್ತಾರೆ ರೀ!"

"ಕಣ್ಣಿನ ಮಾತಲ್ಲ. ಕೈ ಮಾತು. ಎಡವಿದ್ರೆ ಬಿಡಿ ಅಂದಿದ್ರಿ. ನನಗೆ ಬಿಡೋಕಾಗಲಿಲ್ಲ. ನಾಳೆನೂ ಆಗಲ್ಲ."

"ಹಾಗಾದ್ರೆ ನಾನೂ ಓಡಲ್ಲ. ಇಬ್ಬರೂ ಒಂದ್ಕಡೆ ಇದ್ಬಿಡೋಣ. ನಿಮ್ಮನ್ನ ಕೈ ಹಿಡ್ಕೊಂಡು ಆಫೀಸಿಗೆ, ಗುಡಿಗೆ ಕರ್ಕೊಂಡು ಹೋಗ್ತೀನಿ. ಸಾಕು ನನಗೆ."

ಮದುವೆಯ ಮಾತು ಅದು. ನನ್ನ ಬಾಯಿ ಹೌದು ಎನ್ನಲು ತೆರೆದೇ ಇತ್ತು. ಗುಡಿಯ ಮೆಟ್ಟಿಲು, ಬಸ್ಸಿನ ಫುಟ್‌ಬೋರ್ಡು, ಬಚ್ಚಲಿನ ಕಲ್ಲು, ಎಲ್ಲೆಲ್ಲೂ ನನ್ನ ಮುಷ್ಟಿಯೊಳಗೆ ಆ ಮಣಿಕಟ್ಟು. ನನಗೋಸ್ಕರ ಓಟ ಬಿಟ್ಟ ಕಾಲು ದಿನದಿನಕ್ಕೆ ಟೊಳ್ಳು.

ತೆರೆದ ಬಾಯಿ ಮುಚ್ಚಿಕೊಂಡೆ. ಅವಳು ಬಗ್ಗಿದ ಸದ್ದು, ಶೂ ಲೇಸ್ ಸರಸರ ಎಳೆದ ಸದ್ದು. "ಲಾಡಿ ಇಲ್ದಿದ್ರೆ ಇದಿದೆ. ತಗೊಳ್ಳಿ."

ಲೇಸಿಲ್ಲದ ಶೂಸಲ್ಲಿ ಒಂದು ಹೆಜ್ಜೆ ಇಟ್ಟರೂ ಬೀಳುತ್ತಾಳೆ. ನೆಲಕ್ಕೆ ಮೊಣಕಾಲೂರಿ ಕೈಯಾಡಿಸಿದೆ, ಅವಳ ಪಾದ ಸಿಕ್ಕಿತು. ಅವಳ ಕೈಯಿಂದ ಲೇಸ್ ಬಿಡಿಸಿಕೊಂಡು, ಒಂದೊಂದೇ ತೂತಿಗೆ ತಡವಿ ಪೋಣಿಸಿದೆ. ಗಂಟು ಹಾಕಿದೆ. ಅದರ ಮೇಲೆ ಇನ್ನೊಂದು. ಅವಳನ್ನು ನಾನು ಮೊದಲ ಸಲ ಮುಟ್ಟಿದ್ದು ಹಾಗೆ. ನನ್ನ ತಲೆಯ ಮೇಲೆ ಎರಡು ಹನಿ ಬಿತ್ತು. ಮಳೆಯಲ್ಲ, ಬೆಚ್ಚಗಿತ್ತು.

"ಓಡಿ," ಎಂದೆ.

ಓಡಿದಳು, ಸಿಟ್ಟಿನಿಂದ. ಮೊದಲು ದಡಬಡ ಹೆಜ್ಜೆ. ಕೆರೆಯ ತಿರುವಿನಲ್ಲಿ ಸದ್ದು ಸಣ್ಣಗಾಯಿತು. ಬೆಂಚಿನ ಮೇಲೆ ಕೈ ಕಟ್ಟಿ ಕೂತು ಕಾದೆ. ಆಚೆ ದಂಡೆಯಿಂದ ಈಚೆಗೆ ಬರುವಾಗ ಕೇಳಿಸಿತು: ಮೂರಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ. ಮತ್ತೆ ಮೂರು. ಮತ್ತೆ ನಾಲ್ಕು. ನಾನಿಲ್ಲದ ಓಟದಲ್ಲಿ ಪದ್ಯ ಒಂದಕ್ಷರ ತಪ್ಪದೆ ವಾಪಸು ಬಂದಿತ್ತು. ಅದೇ ಬೇಕೆಂದು ಬೇಡಿದ್ದೆ. ಆದರೂ ಎದೆಯ ಮೂಳೆ ಮುರಿದ ಹಾಗೆ ಆಯಿತು.

ಬೆಂಚಿನ ಮುಂದೆ ನಿಂತಳು. ಬಿಸಿಯುಸಿರು ಮುಖಕ್ಕೆ ತಾಗಿತು. ಅವಳ ಅಂಗೈಯ ಬಿಸಿ ನನ್ನ ಬೆರಳುಗಳ ಹತ್ತಿರ ಬಂದು, ಮುಟ್ಟದೆ ನಿಂತಿತು.

"ಲಾಡಿ ಬೇಡ, ಲೇಸೂ ಬೇಡ. ಕೈ ಕೊಡು ಚಲುವಾ. ಒಂದೇ ಒಂದು ಸುತ್ತು."

ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಹುದುಗಿಸಿಕೊಂಡೆ.

"ಇಲ್ಲ ಜಲಜಾ. ಕೊಡಲ್ಲ."