ಮಂಗಳವಾರದ ಹಾಜರಿ

ನಾನು ಗಾಜಿನ ಲೋಟ ಪ್ಯಾಕ್ ಮಾಡುವವಳು. ಒಂದೊಂದು ಪೆಟ್ಟಿಗೆ ಮುಗಿದಾಗಲೂ ಮೇಲಿನ ಕ್ಯಾಮೆರಾಕ್ಕೆ ಅಂಗೈ ತೋರಿಸಬೇಕೆಂಬುದು ನಮ್ಮಲ್ಲಿ ನಿಯಮ. ಆ ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡೇ ತೀರಿಹೋದಳು. ಹೇಳದೆ ಕೆಲಸ ಬಿಟ್ಟು ಓಡಿದ್ದು ಮನಸ್ಸನ್ನು ಕೊರೆಯುತ್ತಿತ್ತು. ಮರುವಾರ ರಜೆ ಅರ್ಜಿ ಕೊಟ್ಟೆ.

"ಯಾವ ರಜೆ ಮಾರಾಯ್ತಿ? ಅವತ್ತು ಇಲ್ಲೇ ಇದ್ಯಲ್ಲ!" ಎಂದು ನಕ್ಕು ಮೇಲ್ವಿಚಾರಕರು ರೆಕಾರ್ಡಿಂಗ್ ತೋರಿಸಿದರು.

ಹೌದು, ನಾನೇ. ಪೆಟ್ಟಿಗೆ ಮುಚ್ಚುತ್ತಿದ್ದೆ, ಅಂಗೈ ಎತ್ತುತ್ತಿದ್ದೆ. ಸಂಜೆಯವರೆಗೂ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ.

"ಅರ್ಜಿ ಹರಿದುಹಾಕು, ಹೋಗು."

ಹರಿದುಹಾಕಿದೆ. ಆದರೆ ಅಕ್ಕನ ಕೊನೆಗಳಿಗೆಯಲ್ಲಿ ನಾನು ಜೊತೆಗಿದ್ದೆನೋ ಇಲ್ಲವೋ ಎಂಬುದು ನನಗೆ ಗೊತ್ತಾಗಲೇಬೇಕಿತ್ತು. ಆಸ್ಪತ್ರೆಯ ಕಾವಲುಗಾರನನ್ನು ಕಾಡಿ ಬೇಡಿ, ವಾರ್ಡಿನ ಕ್ಯಾಮೆರಾದಲ್ಲಿ ಅದೇ ಹೊತ್ತನ್ನು ಹುಡುಕಿಸಿದೆ.

"ಪಾಪ, ಇವರ ಹತ್ರ ಯಾರೂ ಬರ್ಲೇ ಇಲ್ವಲ್ಲ," ಅಂದ.

ಮಂಚದ ಪಕ್ಕದ ಕುರ್ಚಿ ಖಾಲಿಯಿತ್ತು. ಪರದೆಯ ಹತ್ತಿರಕ್ಕೆ ಬಗ್ಗಿದೆ. ಅಕ್ಕ ಆ ಕುರ್ಚಿಯ ಕಡೆಗೆ ತಿರುಗಿ ಏನೋ ಕೇಳುತ್ತಾಳೆ, ಸ್ವಲ್ಪ ಹೊತ್ತು ಕಿವಿಗೊಟ್ಟು ಮಲಗಿರುತ್ತಾಳೆ, ಆಮೇಲೆ ಸರಿ ಎಂಬಂತೆ ತಲೆಯಾಡಿಸುತ್ತಾಳೆ.